ಎದೆಯ ಗಂಟು ಮತ್ತು ಹಣೆಯ ಬರಹ

ಬೆಂಗಳೂರಿನ ಪೂರ್ವ ಭಾಗದ ಬೈಯಪ್ಪನಹಳ್ಳಿಯನ್ನು ಹಿಂದೆ ಎನ್‌ಜಿಇಎಫ್ ಕಾರ್ಖಾನೆಯಿಂದ ಗುರುತಿಸುತ್ತಿದ್ದರು; ಈಗ ರೈಲಿನಿಂದ ಗುರುತಿಸುತ್ತಾರೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಸಂಚಾರ ಮೊದಲು ಆರಂಭವಾದದ್ದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ. 2022ರಿಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕೂಡ ಇಲ್ಲಿಯೇ ಇದೆ. ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರು, ಕಾರ್ಖಾನೆಯಿಂದ ನಿವೃತ್ತರಾದವರ ಕುಟುಂಬಗಳು, ಉತ್ತರದ ಜಿಲ್ಲೆಗಳಿಂದ ದುಡಿಮೆಗಾಗಿ ಬಂದು ಬಾಡಿಗೆ ಮನೆಗಳಲ್ಲಿ ನೆಲೆಸಿದ ಸದ್ಭಕ್ತರು ಇಲ್ಲಿನ ಓಣಿಗಳಲ್ಲಿ ಒಟ್ಟಿಗೆ ಬಾಳುತ್ತಿದ್ದಾರೆ. ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೇ ನಗರದಲ್ಲಿದೆ. 1973ರಿಂದ ಅಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ದೊರೆಯುತ್ತಿದೆ. ಒಂದು ಆಟೊ ಅಥವಾ ಎರಡು ಬಸ್ಸುಗಳ ದಾರಿ. ಆದರೂ ಎದೆಯಲ್ಲಿ ಗಂಟೊಂದನ್ನು ಕಂಡ ತಾಯಿ ಈ ದಾರಿಯನ್ನು ಕ್ರಮಿಸಲು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷವನ್ನೇ ತೆಗೆದುಕೊಳ್ಳುವುದುಂಟು.

ಆ ಅವಧಿಯಲ್ಲಿ ನಡೆಯುವುದೇನು? ಕೇಳಿದರೆ ಬರುವ ಉತ್ತರಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ನೋವಿರಲಿಲ್ಲ, ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಯಾರಿಗೆ ಹೇಳುವುದು, ನಾಚಿಕೆಯಾಯಿತು. ಇವೆಲ್ಲದರ ಕೊನೆಗೆ ನಿಟ್ಟುಸಿರಿನೊಂದಿಗೆ ಒಂದು ಮಾತು ಬರುತ್ತದೆ: ಹಣೆಯಲ್ಲಿ ಬರೆದದ್ದನ್ನು ಯಾರು ತಪ್ಪಿಸುತ್ತಾರೆ? ಈ ಲೇಖನದ ವಿಷಯ ಈ ಕೊನೆಯ ಮಾತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳಿಹಾಕಿದವರಿಗೆ ಆ ತಾಯಿಯನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರಲು ಸಾಧ್ಯವಾಗಿಲ್ಲ.

ಅಮೆರಿಕದ ಶುಶ್ರೂಷಾ ವಿಜ್ಞಾನಿ ಬಾರ್ಬರಾ ಪೋ ಅವರು 1990ರ ದಶಕದಲ್ಲಿ ಈ ಮನೋಭಾವವನ್ನು ಅಭ್ಯಾಸ ಮಾಡಿ, ಅದನ್ನು ಅಳೆಯಲು 15 ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಅವರ ಪ್ರಕಾರ ಕ್ಯಾನ್ಸರಿನ ವಿಷಯದಲ್ಲಿ ವಿಧಿವಾದವೆಂಬುದು ಒಂದೇ ನಂಬಿಕೆಯಲ್ಲ, ನಾಲ್ಕು ಎಳೆಗಳ ಹುರಿ: ಭಯ, ಎಲ್ಲವೂ ಪೂರ್ವನಿಶ್ಚಿತವೆಂಬ ಭಾವ, ನಿರಾಶೆ, ಮತ್ತು ಈ ರೋಗ ಬಂದರೆ ಸಾವು ಖಚಿತವೆಂಬ ತೀರ್ಮಾನ. ನಮ್ಮ ಓಣಿಯ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಈ ನಾಲ್ಕೂ ಎಳೆಗಳು ಸ್ಪಷ್ಟವಾಗಿ ಕಾಣಿಸುತ್ತವೆ. ಅವುಗಳಲ್ಲಿ ಬಲವಾದದ್ದು ನಾಲ್ಕನೆಯದು ಎಂದು ನನ್ನ ಅಭಿಪ್ರಾಯ. ಗುಣವಾಗುವುದಿಲ್ಲವೆಂದು ತೀರ್ಮಾನಿಸಿದ ಮೇಲೆ ರೋಗದ ಹೆಸರನ್ನು ತಿಳಿದುಕೊಂಡು ಮಾಡುವುದೇನು? ಮಕ್ಕಳ ಮೇಲೆ ಸಾಲದ ಹೊರೆ ಹೊರಿಸುವುದಷ್ಟೇ ಉಳಿಯುತ್ತದೆ. ಆ ತಾಯಿಯ ಲೆಕ್ಕದಲ್ಲಿ ಮೌನವೇ ತ್ಯಾಗವಾಗಿದೆ. ಅವಳ ತರ್ಕದಲ್ಲಿ ದೋಷವಿಲ್ಲ. ತರ್ಕದ ಮೊದಲ ಹೆಜ್ಜೆಯಲ್ಲಿ, ಸಾವು ಖಚಿತವೆಂಬ ಊಹೆಯಲ್ಲಿ, ದೋಷವಿದೆ.

ಆ ಊಹೆಯನ್ನು ಅಂಕಿಗಳ ಮುಂದಿಟ್ಟು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಡಿಯಲ್ಲಿ, 2012ರಿಂದ 2015ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದ ಮಹಿಳೆಯರನ್ನು ದೇಶದ 11 ನೋಂದಣಿ ಪ್ರದೇಶಗಳಲ್ಲಿ ಅನುಸರಿಸಿ ನೋಡಲಾಯಿತು. ಗಂಟು ಸ್ತನದಲ್ಲಷ್ಟೇ ಇದ್ದಾಗ ಬಂದವರಲ್ಲಿ ನೂರಕ್ಕೆ 81 ಮಂದಿ ಐದು ವರ್ಷಗಳ ನಂತರವೂ ಬದುಕಿದ್ದರು. ಕಂಕುಳ ಮತ್ತು ಸುತ್ತಲಿನ ಭಾಗಕ್ಕೆ ಹರಡಿದ ಮೇಲೆ ಬಂದವರಲ್ಲಿ ಈ ಸಂಖ್ಯೆ ಸುಮಾರು 65. ದೂರದ ಅಂಗಗಳಿಗೆ ಹರಡಿದ ನಂತರ ಬಂದವರಲ್ಲಿ ಸುಮಾರು 18 ಮಾತ್ರ. ರೋಗ ಒಂದೇ, ದೇಶ ಒಂದೇ. ಬ್ರಹ್ಮಲಿಪಿಯೆಂಬುದು ಇದ್ದರೂ, ಆಸ್ಪತ್ರೆಗೆ ಹೋದ ತಾರೀಖಿನೊಂದಿಗೆ ಅದು ಇಷ್ಟೊಂದು ಬದಲಾಗುವುದಾದರೆ ಅದನ್ನು ಅಳಿಸಲಾಗದ ಬರಹವೆಂದು ಕರೆಯುವುದು ಹೇಗೆ? ದುಃಖದ ಸಂಗತಿಯೆಂದರೆ, ಅದೇ ಕಾರ್ಯಕ್ರಮದ 2020ರ ವರದಿಯ ಪ್ರಕಾರ ನಮ್ಮಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ 57 ಮಂದಿ ಗಂಟು ಸುತ್ತಲೂ ಹರಡಿದ ಮೇಲೆಯೇ ಬಂದವರು.

ರೋಗವೇನೂ ಅಪರೂಪದ್ದಲ್ಲ. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತೆಂದೂ, ಸುಮಾರು 98,000 ಮಂದಿ ಇದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆಯು ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಆರಂಭದ ವರ್ಷಗಳಲ್ಲಿ ಈ ನಗರದ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಇಂದು ಆ ಸ್ಥಾನ ಸ್ತನ ಕ್ಯಾನ್ಸರಿನದು.

ಹೀಗಿರುವಾಗ ಬದುಕುಳಿದವರು ಬೈಯಪ್ಪನಹಳ್ಳಿಯಂತಹ ಬಡಾವಣೆಯಲ್ಲಿಯೂ ಇರಲೇಬೇಕಲ್ಲವೇ? ಇರುತ್ತಾರೆ. ಆದರೆ ಅವರು ಯಾರಿಗೂ ಕಾಣುವುದಿಲ್ಲ. ಈ ಸಮಸ್ಯೆಯ ಒಳಗುಟ್ಟು ಇರುವುದು ಇಲ್ಲಿ. ಚಿಕಿತ್ಸೆ ಪಡೆದು ಗುಣವಾದ ತಾಯಿ ತನಗೆ ಕ್ಯಾನ್ಸರ್ ಬಂದಿತ್ತೆಂದು ನೆರೆಯವರಿಗೆ ಹೇಳಿರುವುದಿಲ್ಲ. ಊರಿಗೆ ಹೋಗಿದ್ದೆ ಎಂದಿರುತ್ತಾಳೆ, ಅಥವಾ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಯಿತು ಎಂದಿರುತ್ತಾಳೆ. ಕೂದಲು ಮತ್ತೆ ಬೆಳೆಯುವವರೆಗೆ ಸೆರಗನ್ನು ತಲೆಯ ಮೇಲೆ ಹೊದ್ದಿರುತ್ತಾಳೆ. ಕಾರಣ ಬಹುಮಟ್ಟಿಗೆ ಹೆಣ್ಣುಮಕ್ಕಳ ಮದುವೆ. ತಾಯಿಗೆ ಈ ರೋಗವೆಂದು ತಿಳಿದರೆ ಬೀಗರು ಹಿಂದೆ ಸರಿದಾರೆಂಬ ಅಂಜಿಕೆ. ನೂರು ಸ್ತನ ಕ್ಯಾನ್ಸರುಗಳಲ್ಲಿ ವಂಶವಾಹಿಯ ದೋಷದಿಂದ ನೇರವಾಗಿ ಬರುವವು ಐದರಿಂದ ಹತ್ತು ಮಾತ್ರ ಎಂಬುದು ಬೀಗರಿಗೂ ಗೊತ್ತಿರುವುದಿಲ್ಲ, ಅವಳಿಗೂ ಗೊತ್ತಿರುವುದಿಲ್ಲ. ಇತ್ತ ತೀರಿಕೊಂಡವಳ ಸುದ್ದಿಯನ್ನು ಮುಚ್ಚಿಡಲಾಗುವುದಿಲ್ಲ. ಹೀಗೆ ಓಣಿಯ ನೆನಪಿನಲ್ಲಿ ಕ್ಯಾನ್ಸರ್ ಬಂದು ಸತ್ತವರು ಮಾತ್ರ ಉಳಿಯುತ್ತಾರೆ. ಬಂದು ಬದುಕಿದವರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಕ್ಯಾನ್ಸರ್ ಬಂದರೆ ಸಾವೇ ಗತಿಯೆಂದು ಹೇಳುವ ಅಜ್ಜಿ ಸುಳ್ಳು ಹೇಳುತ್ತಿಲ್ಲ. ತಾನು ಕಂಡದ್ದನ್ನೇ ಹೇಳುತ್ತಿದ್ದಾಳೆ.

ಅಜ್ಜಿಯ ಈ ಅನುಭವಕ್ಕೆ ವೈದ್ಯರ ಭಾಷಣ ಉತ್ತರವಾಗಲಾರದು. ಭಿತ್ತಿಪತ್ರವೂ ಆಗಲಾರದು. ಇನ್ನೊಂದು ಅನುಭವ ಅವಳ ಎದುರಿಗೆ ಬಂದು ಕುಳಿತುಕೊಳ್ಳಬೇಕು. ತನ್ನಂತೆಯೇ ಸೀರೆಯುಟ್ಟ, ತನ್ನದೇ ಮಾತನಾಡುವ, ಅದೇ ನಲ್ಲಿಯಲ್ಲಿ ನೀರು ಹಿಡಿಯುವ ಹೆಂಗಸು, ನನಗೂ ಬಂದಿತ್ತು, ಏಳು ವರ್ಷವಾಯಿತು ಎಂದು ಹೇಳಬೇಕು. ಆರೋಗ್ಯಶಾಸ್ತ್ರದಲ್ಲಿ ಇದನ್ನು ಒಡನಾಡಿ ಶಿಕ್ಷಣವೆನ್ನಬಹುದು: ಮೇಲಿನಿಂದ ಬೋಧಿಸುವವರ ಬದಲು, ಸಮಾನ ಸ್ಥಿತಿಯಲ್ಲಿರುವವರೇ ಒಬ್ಬರಿಗೊಬ್ಬರು ತಿಳಿಸಿಕೊಡುವ ಕ್ರಮ. ಕರ್ನಾಟಕಕ್ಕೆ ಇದು ಹೊಸದೇನಲ್ಲ. ಎಚ್‌ಐವಿ ತಡೆಯ ಕೆಲಸದಲ್ಲಿ, ಅಧಿಕಾರಿಗಳ ಮಾತಿಗೆ ಬಾಗಿಲು ತೆರೆಯದ ಮನೆಗಳನ್ನು ತಲುಪಿದವರು ಒಡನಾಡಿ ಶಿಕ್ಷಕರೇ.

ಸ್ತನ ಕ್ಯಾನ್ಸರಿನ ವಿಷಯದಲ್ಲಿ ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಅರ್ಕನ್ಸಾ ರಾಜ್ಯದ್ದು. ಅಲ್ಲಿನ ಹಳ್ಳಿಗಾಡಿನ ಕಪ್ಪು ಜನಾಂಗದ ಮಹಿಳೆಯರು ತಪಾಸಣೆಗೆ ಬರುತ್ತಿರಲಿಲ್ಲ. ದೇವರ ಇಚ್ಛೆಯೆಂದು ಸುಮ್ಮನಾಗುತ್ತಿದ್ದರು. 1990ರ ದಶಕದ ಆರಂಭದಲ್ಲಿ ‘ವಿಟ್ನೆಸ್ ಪ್ರಾಜೆಕ್ಟ್’ ಎಂಬ ಕಾರ್ಯಕ್ರಮ ಅಲ್ಲಿ ಪ್ರಾರಂಭವಾಯಿತು. ವಿಟ್ನೆಸ್ ಎಂದರೆ ಸಾಕ್ಷಿ. ಕ್ಯಾನ್ಸರಿನಿಂದ ಬದುಕುಳಿದ ಮಹಿಳೆಯರು ತಮ್ಮ ಸಮುದಾಯದ ಚರ್ಚುಗಳಲ್ಲಿ ಎದ್ದು ನಿಂತು, ಭಕ್ತರು ತಮ್ಮ ಶ್ರದ್ಧೆಗೆ ಸಾಕ್ಷಿ ನುಡಿಯುವ ರೀತಿಯಲ್ಲಿಯೇ, ತಮ್ಮ ರೋಗ ಮತ್ತು ಚಿಕಿತ್ಸೆಯ ಕಥೆಯನ್ನು ಹೇಳಿದರು. ಕೇಳಿದ ಮಹಿಳೆಯರಲ್ಲಿ ಮ್ಯಾಮೋಗ್ರಫಿ ತಪಾಸಣೆಗೆ ಹೋಗುವವರ ಪ್ರಮಾಣ ಹೆಚ್ಚಾದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಇಲ್ಲಿ ಗಮನಿಸಬೇಕಾದದ್ದು ಸ್ಥಳದ ಆಯ್ಕೆ. ದೇವರ ಇಚ್ಛೆಯೆಂಬ ಮಾತು ಎಲ್ಲಿ ಬಲ ಪಡೆಯುತ್ತಿತ್ತೋ ಅಲ್ಲಿಯೇ ಅದಕ್ಕೆ ಉತ್ತರವನ್ನೂ ಹುಡುಕಿದರು. ಭಕ್ತಿಯನ್ನು ಬಿಟ್ಟು ಬಾ ಎಂದು ಯಾರಿಗೂ ಹೇಳಲಿಲ್ಲ.

ಈ ದೃಷ್ಟಿಯಿಂದ ನಮ್ಮ ಪರಂಪರೆಯನ್ನು ನೋಡಿದರೆ, ಲಿಂಗಾಯತ ತಾಯಂದಿರ ಬಾಯಲ್ಲಿ ಪೂರ್ವಜನ್ಮದ ಕರ್ಮವೆಂಬ ಮಾತು ಬರುವುದೇ ಒಂದು ವಿಚಿತ್ರ. ವೇಧಾ, ಮಂತ್ರ ಮತ್ತು ಕ್ರಿಯಾ ಎಂಬ ತ್ರಿವಿಧ ದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳು ಕಳೆಯುತ್ತವೆಂಬುದು ನಮ್ಮ ಸಿದ್ಧಾಂತ. ಗುರುವಿನಿಂದ ಇಷ್ಟಲಿಂಗವನ್ನು ಪಡೆದು ಎದೆಯ ಮೇಲೆ ಧರಿಸಿದವಳು, ಅದೇ ಎದೆಯಲ್ಲಿ ಮೂಡಿದ ಗಂಟನ್ನು ಹಿಂದಿನ ಜನ್ಮದ ಪಾಪದ ಫಲವೆಂದು ಹೇಗೆ ಹೇಳಬೇಕು? ತಿಥಿ ವಾರ ನಕ್ಷತ್ರಗಳ ಅಂಜಿಕೆಯನ್ನು ಶರಣರು ಒಪ್ಪಲಿಲ್ಲ. ಪಂಚಸೂತಕಗಳನ್ನೂ ಒಪ್ಪಲಿಲ್ಲ. ಮುಟ್ಟಿನ ಸೂತಕವನ್ನೇ ಅಲ್ಲಗಳೆದ ಧರ್ಮದಲ್ಲಿ, ಹೆಣ್ಣಿನ ದೇಹದ ಯಾವ ಭಾಗದ ಕಾಯಿಲೆಯೂ ಬಾಯಿಬಿಟ್ಟು ಹೇಳಲಾರದ ಲಜ್ಜೆಯ ವಿಷಯವಾಗಲು ಶಾಸ್ತ್ರದ ಆಧಾರವಿಲ್ಲ. ಲಜ್ಜೆ ನಮಗೆ ಸುತ್ತಲಿನ ಲೋಕಾಚಾರದಿಂದ ಬಂದದ್ದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ಗಂಭೀರವಾದ ಆಕ್ಷೇಪವೇ. ಬಂದದ್ದೆಲ್ಲವನ್ನೂ ಲಿಂಗಪ್ರಸಾದವೆಂದು ಸ್ವೀಕರಿಸಬೇಕೆಂಬ ಪ್ರಸಾದಭಾವವನ್ನೂ ನಮ್ಮ ಹಿರಿಯರು ಕಲಿಸಿದ್ದಾರಲ್ಲ? ರೋಗವನ್ನೂ ಹಾಗೆಯೇ ಸ್ವೀಕರಿಸುತ್ತೇನೆಂದು ಭಕ್ತೆಯೊಬ್ಬಳು ಹೇಳಿದರೆ ತಪ್ಪೇನು? ಆ ಭಾವವನ್ನು ನಾನು ಹಗುರವಾಗಿ ಕಾಣಲಾರೆ. ಕಠಿಣ ಚಿಕಿತ್ಸೆಯ ನಡುವೆ ಅನೇಕ ತಾಯಂದಿರನ್ನು ಎತ್ತಿ ಹಿಡಿಯುವುದೂ ಅದೇ. ಆದರೆ ಪ್ರಸಾದಭಾವವುಳ್ಳವಳು ಬಂದದ್ದರಲ್ಲಿ ಅರ್ಧವನ್ನು ಮಾತ್ರ ಸ್ವೀಕರಿಸುವುದಿಲ್ಲ. ಗಂಟು ಬಂದಂತೆ ಅದನ್ನು ಗುರುತಿಸುವ ಸೂಜಿಯೂ ಬಂದಿದೆ, ಔಷಧಿಯೂ ಬಂದಿದೆ, ಜೊತೆಗೆ ಬರುತ್ತೇನೆಂದ ನೆರೆಮನೆಯವಳೂ ಬಂದಿದ್ದಾಳೆ. ಇವನ್ನು ನಿರಾಕರಿಸಿ ರೋಗವನ್ನಷ್ಟೇ ಒಪ್ಪಿಕೊಂಡರೆ ಅದು ಪ್ರಸಾದಭಾವದ ಹೆಸರಿನಲ್ಲಿ ನಡೆಯುವ ನಿರಾಶೆ. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಿದವರಿಗೆ ತನುವು ಅಲಕ್ಷಿಸಬಹುದಾದ ಸ್ವಂತ ಸೊತ್ತೂ ಅಲ್ಲ.

ಒಡನಾಡಿಯಾಗಬಯಸುವವಳು ವೈದ್ಯಳಾಗಬೇಕಿಲ್ಲ, ಹೆಚ್ಚು ಓದಿರಬೇಕಿಲ್ಲ. ಆದರೆ ಕೆಲವು ಸಂಗತಿಗಳನ್ನು ಸರಿಯಾಗಿ ತಿಳಿದಿರಬೇಕು. ಮೊದಲನೆಯದು, ನೋವಿಲ್ಲದ ಗಂಟು ಅಪಾಯವಿಲ್ಲದ ಗಂಟಲ್ಲ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಗಾಗಿ ಕಾಯುತ್ತ ಕುಳಿತವರು ಕಾಲವನ್ನು ಕಳೆದುಕೊಳ್ಳುತ್ತಾರೆ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಚರ್ಮದಲ್ಲಿ ಕುಳಿ ಬೀಳುವುದು ಅಥವಾ ಕಿತ್ತಳೆಯ ಸಿಪ್ಪೆಯಂತೆ ದಪ್ಪವಾಗುವುದು, ಮೊದಲು ಸರಿಯಿದ್ದ ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತಮಿಶ್ರಿತ ದ್ರವ, ಮಾಯದ ಹುಣ್ಣು, ಒಂದು ಸ್ತನದ ಆಕಾರ ಇದ್ದಕ್ಕಿದ್ದಂತೆ ಬದಲಾಗುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಿಗೆ ತೋರಿಸಬೇಕು. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಸ್ತನ ಗಂಟುಗಂಟಾಗಿ ತೋರುವುದು ಸಹಜ. ಮುಟ್ಟು ಮುಗಿದ ನಂತರವೂ ಉಳಿದುಕೊಂಡರೆ ಮತ್ತೊಂದು ತಿಂಗಳು ಕಾಯಬಾರದು. ಇದರ ಜೊತೆಗೇ ಹೇಳಬೇಕಾದ ಸಮಾಧಾನದ ಮಾತೂ ಇದೆ: ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹರೆಯದವರಲ್ಲಂತೂ ಹೆಚ್ಚಿನವು ನಿರಪಾಯದ ಗಂಟುಗಳೇ. ತೋರಿಸಲು ಹೋದವರಲ್ಲಿ ಹೆಚ್ಚಿನವರು ನೆಮ್ಮದಿಯಿಂದ ಮನೆಗೆ ಮರಳುತ್ತಾರೆ.

ತಿಂಗಳಿಗೊಮ್ಮೆ ಇಂತಹ ದಿನ ಇಂತಹ ಕ್ರಮದಲ್ಲಿ ಮುಟ್ಟಿ ನೋಡಿಕೊಳ್ಳಬೇಕೆಂದು ಹಿಂದೆ ಬಹಳ ಒತ್ತಿ ಹೇಳುತ್ತಿದ್ದರು. ಚೀನಾದ ಶಾಂಘೈನಲ್ಲಿ ಜವಳಿ ಕಾರ್ಖಾನೆಗಳ 2,66,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ದೊಡ್ಡ ಪ್ರಯೋಗದ ಅಂತಿಮ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ವಯಂ ಪರೀಕ್ಷೆಯನ್ನು ಕಲಿಸಿದ ಮಾತ್ರಕ್ಕೆ ಸಾವುಗಳು ಕಡಿಮೆಯಾಗಲಿಲ್ಲವೆಂದು ಅದು ತೋರಿಸಿತು. ಆದ್ದರಿಂದ ಈಗ ಕಟ್ಟುನಿಟ್ಟಿನ ವಿಧಿಗಿಂತ, ತನ್ನ ದೇಹದ ಸಹಜ ಸ್ಥಿತಿಯನ್ನು ಅರಿತಿದ್ದು ಬದಲಾವಣೆ ಕಂಡೊಡನೆ ತೋರಿಸಬೇಕೆಂಬುದಕ್ಕೆ ಒತ್ತು. ಸ್ನಾನದ ವೇಳೆಯ ಎಚ್ಚರವೇ ಸಾಕು.

ಹೆಚ್ಚು ಫಲ ಕಂಡದ್ದು ತರಬೇತಿ ಪಡೆದ ಕೈಗಳಿಂದ ನಡೆದ ಪರೀಕ್ಷೆಯಲ್ಲಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರನ್ನು ಎರಡು ವರ್ಷಗಳಿಗೊಮ್ಮೆ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಂದ ಪರೀಕ್ಷೆ ಮಾಡಿಸಿದರು. ಪರೀಕ್ಷಿಸಿದವರು ವೈದ್ಯರಲ್ಲ. ಮ್ಯಾಮೋಗ್ರಫಿ ಯಂತ್ರವೂ ಇರಲಿಲ್ಲ. ಆ ಗುಂಪಿನಲ್ಲಿ ರೋಗ ಹೆಚ್ಚು ಬೇಗ, ಇನ್ನೂ ಹರಡದ ಹಂತದಲ್ಲಿ ಪತ್ತೆಯಾಯಿತು. 50 ವರ್ಷ ಮೀರಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವುಗಳು ನೂರಕ್ಕೆ 30ರ ಸಮೀಪ ಕಡಿಮೆಯಾದವೆಂದು 2021ರಲ್ಲಿ ವರದಿಯಾಯಿತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಅಂತಹ ಪ್ರಯೋಜನ ಕಾಣಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಇಂತಹ ಪರೀಕ್ಷೆಯನ್ನು ನಿಗದಿಪಡಿಸಿದೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿ ಪಡೆಯಬಹುದು. ಕೇಳುವವರು ಕಡಿಮೆಯಾದಾಗ ಕೊಡುವವರ ಉತ್ಸಾಹವೂ ಕಡಿಮೆಯಾಗುವುದು ಸರ್ಕಾರದ ಸೇವೆಗಳಲ್ಲಿ ಸಹಜವಾದ್ದರಿಂದ, ನಾಲ್ಕೈದು ಮಂದಿ ಕೂಡಿ ಹೋಗಿ ಕೇಳುವುದು ಲೇಸು.

ಒಡನಾಡಿಯ ಬಾಯಿಂದ ಬರಬಾರದ ಮಾತುಗಳೂ ಇವೆ. ತಡವಾಗಿ ಬಂದವಳಿಗೆ ಮೊದಲೇ ಬರಬಾರದಿತ್ತೇ ಎನ್ನಬಾರದು. ಅವಳಿಗೆ ಅದು ಗೊತ್ತು. ಗೊತ್ತಿದ್ದೇ ಅವಳು ರಾತ್ರಿ ನಿದ್ದೆಗೆಡುತ್ತಾಳೆ. ಹಣೆಬರಹವೆಂಬ ಭಾರವನ್ನು ಇಳಿಸಿ ಅಪರಾಧವೆಂಬ ಭಾರವನ್ನು ಹೊರಿಸಿದರೆ ಅವಳಿಗಾದ ಉಪಕಾರವೇನು? ಏನೂ ಆಗುವುದಿಲ್ಲ, ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಕೊಡಬಾರದು. ಬೇಗ ಬಂದರೂ ಕೆಲವರು ಉಳಿಯುವುದಿಲ್ಲ. ಮೇಲೆ ಹೇಳಿದ 81ರ ಆಚೆ 19 ಮಂದಿಯೂ ಇದ್ದರು. ಇದನ್ನು ಮುಚ್ಚಿಟ್ಟು ಮಾತನಾಡಿದರೆ ಮುಂದೆ ಒಂದು ಸಾವು ಸಂಭವಿಸಿದಾಗ ಅವಳ ಮಾತನ್ನು ಓಣಿ ನಂಬುವುದಿಲ್ಲ. ಮುಟ್ಟಿ ನೋಡಿ ಇದು ಕ್ಯಾನ್ಸರ್, ಇದಲ್ಲ ಎಂದು ಹೇಳುವ ಕೆಲಸವೂ ಅವಳದಲ್ಲ. ತನ್ನ ಕಥೆಯನ್ನು ಹೇಳುವುದು, ಕೇಳಿದ ಗುಟ್ಟನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು, ಹೋಗೋಣವೆಂದಾಗ ಜೊತೆಗೆ ಹೋಗುವುದು, ಇಷ್ಟು ಅವಳ ಕಾಯಕ.

ಜೊತೆಗೆ ಹೋಗುವುದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಲೆಯಿದೆ. ಮನೆಗೆಲಸಕ್ಕೆ ಹೋಗುವವಳಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಸಂಬಳ, ಕೆಲವೊಮ್ಮೆ ಕೆಲಸವೇ. ಯಾವ ಕಿಟಕಿಯಲ್ಲಿ ಚೀಟಿ, ಯಾವ ಮಹಡಿಯಲ್ಲಿ ಸ್ಕ್ಯಾನ್ ಎಂದು ತಿಳಿಯದೆ ಅಲೆದು ಬರಿಗೈಯಲ್ಲಿ ಹಿಂದಿರುಗಿದವಳು ಎರಡನೆಯ ಬಾರಿ ಹೋಗುವುದಿಲ್ಲ; ಆಮೇಲೆ ಕೇಳಿದವರಿಗೆ ಹಣೆಬರಹವೆನ್ನುತ್ತಾಳೆ. ನಾವು ವಿಧಿವಾದವೆಂದು ಕರೆಯುವುದರಲ್ಲಿ ಎಷ್ಟು ಪಾಲು ನಂಬಿಕೆ, ಎಷ್ಟು ಪಾಲು ದಣಿವು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ನಮ್ಮಂತಹ ಬರೆಯುವವರಿಗೂ ಇರಬೇಕು.

ಆದ್ದರಿಂದ ದಾರಿಯ ವಿವರವನ್ನು ಒಡನಾಡಿ ಬಾಯಿಪಾಠ ಮಾಡಿರಬೇಕು. ಮೊದಲು ಬಡಾವಣೆಯ ನಮ್ಮ ಕ್ಲಿನಿಕ್ ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಸಿ. ವಿ. ರಾಮನ್ ಆಸ್ಪತ್ರೆ ಇಲ್ಲವೇ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ. ಅಗತ್ಯ ಬಿದ್ದರೆ ಕಿದ್ವಾಯಿ. ಪರೀಕ್ಷೆ ಮೂರು ಹಂತದ್ದು: ವೈದ್ಯರು ಕೈಯಿಂದ ನೋಡುವುದು, ಮ್ಯಾಮೋಗ್ರಫಿ ಅಥವಾ ಅಲ್ಟ್ರಾಸೌಂಡ್ ಚಿತ್ರ, ಸೂಜಿಯಿಂದ ಗಂಟಿನ ಒಂದಿಷ್ಟು ಅಂಶವನ್ನು ತೆಗೆದು ನೋಡುವುದು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಭಯ ಬಹಳ ವ್ಯಾಪಕವಾಗಿದೆ; ಆ ಭಯದಿಂದ ಪರೀಕ್ಷೆಯನ್ನು ಬಿಡಬಾರದು, ಅದಿಲ್ಲದೆ ಚಿಕಿತ್ಸೆಯನ್ನು ನಿರ್ಧರಿಸಲಾಗದು. ಬೇಗ ಬಂದವರಲ್ಲಿ ಅನೇಕರಿಗೆ ಸ್ತನವನ್ನು ಪೂರ್ತಿಯಾಗಿ ತೆಗೆಯದೆ ಗಂಟಿನ ಭಾಗವನ್ನಷ್ಟೇ ತೆಗೆದು, ಬಳಿಕ ವಿಕಿರಣ ಚಿಕಿತ್ಸೆ ನೀಡುವ ಕ್ರಮವಿದೆ. ಕೀಮೊಥೆರಪಿಯಲ್ಲಿ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಖರ್ಚಿನ ವಿಷಯಕ್ಕೆ ಬಂದರೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡುಗಳನ್ನು ಮೊದಲ ದಿನವೇ ಕೈಯಲ್ಲಿಟ್ಟುಕೊಂಡು ಹೋದರೆ ಅಲೆದಾಟ ಕಡಿಮೆಯಾಗುತ್ತದೆ.

ಒಡನಾಡಿಗಳನ್ನು ಎಲ್ಲಿಂದ ತರುವುದು? ನಗರದ ಕೊಳೆಗೇರಿಗಳಿಗಾಗಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ 50ರಿಂದ 100 ಮನೆಗಳಿಗೆ ಒಂದರಂತೆ ಮಹಿಳಾ ಆರೋಗ್ಯ ಸಮಿತಿಗಳ ವ್ಯವಸ್ಥೆಯಿದೆ, ಆಶಾ ಕಾರ್ಯಕರ್ತೆಯರಿದ್ದಾರೆ. ನಮ್ಮಲ್ಲಿ ಅದಕ್ಕಿಂತ ಹಳೆಯದೊಂದು ಏರ್ಪಾಡು ಇದೆ: ಅಕ್ಕನ ಬಳಗ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಮುಕ್ತಾಯಕ್ಕ ಮೊದಲಾದ ಶರಣೆಯರು ತಮ್ಮ ಅನುಭಾವವನ್ನು ತಾವೇ ನುಡಿದರು. ಅವರ ಪರವಾಗಿ ಗಂಡಸರು ನುಡಿಯಲಿಲ್ಲ. ಬಳಗದ ವಚನಗೋಷ್ಠಿಯ ಕೊನೆಯಲ್ಲಿ ಕಾಲು ಗಂಟೆಯನ್ನು ಇದಕ್ಕಾಗಿ ಮೀಸಲಿಡಬಹುದು. ವೇದಿಕೆ ಬೇಡ, ಧ್ವನಿವರ್ಧಕ ಬೇಡ, ಗಂಡಸರು ಹೊರಗಿರಲಿ. ಚಿಕಿತ್ಸೆ ಮುಗಿಸಿದ ಒಬ್ಬ ತಾಯಿ, ತಾನಾಗಿ ಒಪ್ಪಿದರೆ ಮಾತ್ರ, ತನ್ನ ಕಥೆಯನ್ನು ಹೇಳಲಿ. ಯಾರೂ ಒಪ್ಪದಿದ್ದರೆ ಒತ್ತಾಯಿಸುವುದು ಬೇಡ; ಮಗಳ ಮದುವೆಯ ಅಂಜಿಕೆ ಅವಳಿಗೆ ನಿಜವಾದದ್ದೇ. ಒಬ್ಬಳು ಬಾಯಿಬಿಟ್ಟ ಬಳಗದಲ್ಲಿ ಎರಡನೆಯವಳು ಮಾತನಾಡಲು ಬಹಳ ಕಾಲ ಬೇಕಾಗುವುದಿಲ್ಲ.

ಗೋಷ್ಠಿಗೆ ಬಂದ ತಾಯಂದಿರಲ್ಲಿ 30 ವರ್ಷ ಮೀರಿದವರ ಹೆಸರುಗಳನ್ನು ಬಳಗದ ಒಬ್ಬರು ಬರೆದಿಟ್ಟುಕೊಂಡು, ಐದಾರು ಮಂದಿಯ ಗುಂಪುಗಳನ್ನು ಮಾಡಿ, ಕೆಲಸದವರಿಗೆ ಅನುಕೂಲವಾದ ದಿನದಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬಹುದು. ಎದೆಯಲ್ಲಿ ಈಗಾಗಲೇ ಬದಲಾವಣೆಯನ್ನು ಕಂಡವರು ಗುಂಪು ಸೇರುವವರೆಗೆ ಕಾಯದೆ ಈ ವಾರವೇ ಹೋಗಬೇಕು.